ಹಳೇ ಸಿನಿಮಾ ಜೋಡಿ ಹಾಕಿ ನೋಡೂದು: ನನ್ನ ಅನುಭವ

ಹಳೇ ಸಿನಿಮಾ ಮುಗಿದ ಮ್ಯಾಲೆ "ಹೆಂಗಿತ್ರೀ?" ಅಂತ ಕೇಳಿದ್ರ ಎಲ್ಲಾರೂ "ಛಲೋ ಇತ್ತು, ಸ್ವಲ್ಪ ಸ್ಲೋ" ಅಂದು ಎದ್ದು ಹೋಗ್ತಾರ, ಮಾತು ಅಲ್ಲಿಗೇ ಮುಗೀತು. ಇದಕ್ಕ ನಾ ಹಿಡಿದ ದಾರಿ ಏನಂದ್ರ ಒಂದೊಂದ ಸಿನಿಮಾ ನೋಡೂದು ಬಿಟ್ಟು ಎರಡೆರಡು ಜೋಡಿ ಹಾಕಿ ನೋಡೂದು. ಒಂದು ಎಲ್ಲಾರಿಗೂ ಹೆಸರಾದ್ರೂ ಗೊತ್ತಿರಬೇಕು, ಇನ್ನೊಂದು ಮಂದಿ ಅಷ್ಟಾಗಿ ನೋಡಿರಬಾರ್ದು, ಇಲ್ಲಾ ಬ್ಯಾರೆ ದೇಶದ್ದು ಇದ್ರೂ ನಡೀತೈತಿ, ಆದ್ರ ಎರಡರಾಗೂ ಹೂರಣ ಒಂದ ಇರಬೇಕು. ಹಿಂಗ ನೋಡಿದ್ರ "ಛಲೋ ಐತಿ" ಅಂದು ಜಾರ್ಕೊಳ್ಳಾಕ ಬರಂಗಿಲ್ಲ. ಯಾವ್ದು ಹೆಚ್ಚು ನಾಟಿತು, ಯಾಕ ನಾಟಿತು, ಅದನ್ನ ಬಾಯಿ ಬಿಟ್ಟು ಹೇಳಾಕ ಬೇಕು.

ನಮ್ಮನಿ ಹುಬ್ಬಳ್ಳಿ ವಿದ್ಯಾನಗರದಾಗ. ಶನಿವಾರ ರಾತ್ರಿ ಊಟಾ ಮುಗಿಸಿ ಕುಂದರೋರು ಅಂದ್ರ ನಾನು, ಅವ್ವ, ವೈನಿ, ಧಾರವಾಡದಾಗ ಕಾಲೇಜ್ ಕಲಿಯೋ ಅಕ್ಕನ ಮಗಳು, ಮತ್ತ ಸರ್ಕಾರಿ ಆಫೀಸಿನಾಗ ಕ್ಲರ್ಕ್ ಇದ್ದು ರಿಟೈರ್ ಆದ ಬಾಜೂಮನಿ ಕಾಕಾ. ಹಳೇ ಕನ್ನಡ ಸಿನಿಮಾ ಯೂಟ್ಯೂಬ್‌ನಾಗ ಹುಡುಕಿದ್ರ ಸಾಕಷ್ಟು ಸಿಗ್ತಾವು, ಪ್ರಿಂಟ್ ಮಾತ್ರ ಮಸುಕು, ಅದಕ್ಕಿಂತ ತ್ರಾಸು ಕೊಡೂದು ಸೌಂಡ್. ಟಿವಿಗೆ ಒಂದು ಹೊರಗಿನ ಸ್ಪೀಕರ್ ಹಚ್ಚಿ, ಫ್ಯಾನ್ ಸಣ್ಣಗ ಮಾಡಿದ್ರ ಮಾತು ಸ್ಪಷ್ಟ ಕೇಳ್ತಾವು. ವಯಸ್ಸಾದವ್ರು ನಡುವ ಎದ್ದು ಹೋಗೋದು ಸಿನಿಮಾ ಬ್ಯಾಸರ ಬಂದು ಅಲ್ಲ, ಮಾತು ಕೇಳದ ಇದ್ದಿದ್ದಕ್ಕ, ಇದು ನಾ ಕಣ್ಣಾರೆ ನೋಡೀನಿ.

ನನಗ ಎಲ್ಲಾಕಿಂತ ಹೆಚ್ಚು ಕೊಟ್ಟ ಜೋಡಿ ಅಂದ್ರ ತಬರನ ಕಥೆ ಮತ್ತ ಜಪಾನಿನ ಇಕಿರು. ತಬರನ ಕಥೆ ಪೂರ್ಣಚಂದ್ರ ತೇಜಸ್ವಿ ಕಥಿ, ಗಿರೀಶ ಕಾಸರವಳ್ಳಿ ನಿರ್ದೇಶನ, ತಬರ ಆಗಿದ್ದು ಚಾರುಹಾಸನ್, ಅವ್ರಿಗೆ ಅದಕ್ಕ ರಾಷ್ಟ್ರಪ್ರಶಸ್ತಿನೂ ಬಂತು. ಇಕಿರು ಅಕಿರಾ ಕುರೊಸಾವಾಂದು, 1952ರದ್ದು. ಒಂದರಾಗ ಪೆನ್ಷನ್‌ಗಾಗಿ ಆಫೀಸಿಂದ ಆಫೀಸಿಗೆ ಅಲೆಯೋ ಮುದುಕ, ಇನ್ನೊಂದರಾಗ ಕ್ಯಾನ್ಸರ್ ಆಗೇತಿ ಅಂತ ಗೊತ್ತಾದ ಮ್ಯಾಲೆ ಸಾಯೋದ್ರಾಗ ಒಂದು ಪಾರ್ಕ್ ಮಾಡಿಸಬೇಕು ಅಂತ ಹಟ ಹಿಡಿಯೋ ಆಫೀಸರ್ ವಾತಾನಬೆ. ಟೇಬಲ್ಲಿನ ಈ ಕಡೆ ನಿಂತಾಂವ ತಬರ, ಆ ಕಡೆ ಕುಂತಾಂವ ವಾತಾನಬೆ. ಎರಡೂ ಒಂದ ವಾರದಾಗ ನೋಡಿದಾಗ ನಡುವಿನ ಟೇಬಲ್ಲು ಎಷ್ಟು ಅಗಲ ಐತಿ ಅಂತ ತಿಳೀತೈತಿ.

ಇಕಿರು ನೋಡೂದು ಸರಳ ಇರಲಿಲ್ಲ. ಮಾತು ಜಪಾನಿ, ಸಬ್‌ಟೈಟಲ್ ಇಂಗ್ಲಿಷ್, ಅವ್ವಗ ಎರಡೂ ಬರಂಗಿಲ್ಲ. ಅಕ್ಕನ ಮಗಳು ಮದ್ಲ ಒಬ್ಬಾಕಿನ ನೋಡಿ ಇಟ್ಟುಕೊಂಡಿದ್ಲು, ಆಮ್ಯಾಲೆ ಅವ್ವನ ಮಗ್ಗಲದಾಗ ಕುಂತು ಬೇಕಾದಷ್ಟ ನಮ್ಮ ಮಾತಿನಾಗ ಹೇಳ್ತಿದ್ಲು. ಎಲ್ಲಾ ಸಾಲೂ ಹೇಳಾಕ ಹೋಗಬಾರ್ದು, ಮಾರಿ ನೋಡಾಕ ಪುರಸೊತ್ತು ಸಿಗಂಗಿಲ್ಲ. ಶುರುವಿನಾಗ ಓಣಿ ಹೆಣ್ಮಕ್ಕಳು ಹೊಲಸು ನೀರು ನಿಂತೈತಿ ಅಂತ ಅರ್ಜಿ ಹಿಡ್ಕೊಂಡು ಬರ್ತಾರಲ್ಲ, ಒಬ್ಬಾಂವ ಆ ಸೆಕ್ಷನ್ ಅಂತಾನ, ಇನ್ನೊಬ್ಬಾಂವ ಈ ಸೆಕ್ಷನ್ ಅಂತಾನ, ಕಡೀಕ ಸುತ್ತಿ ಸುತ್ತಿ ಹೊರಟಲ್ಲಿಗೇ ಬರ್ತಾರ, ಅಲ್ಲಿ ಅಕಿ ಬಾಯಿ ತೆಗೀಲೇ ಇಲ್ಲ, ಅವ್ವಗ ತಾನ ತಿಳೀತು.

ಸಿನಿಮಾ ಎರಡು ತಾಸಿನ ಮ್ಯಾಲೆ ಐತಿ, ಅದಕ್ಕ ವಾತಾನಬೆ ಸತ್ತ ಅಂತ ಗೊತ್ತಾಗೋ ಜಾಗಾದಾಗ ನಿಲ್ಲಿಸಿ ಉಳಿದಿದ್ದು ಮರುದಿನ ನೋಡಿದ್ವಿ. ಇದು ಎಲ್ಲಾರೂ ಮಾಡಬೇಕು ಅಂತ ನಾ ಹೇಳ್ತೀನಿ, ಯಾಕಂದ್ರ ನಾಯಕ ಸತ್ತ ಮ್ಯಾಲೆ ಇನ್ನೇನು ಉಳಿದೈತಿ ಅಂತ ರಾತ್ರಿ ಪೂರ್ತಿ ತಲಿಯೊಳಗ ಕೊರೀತಿರ್ತೈತಿ. ಮರುದಿನ ಸಾವಿನ ಮನಿಯಾಗ ಸಹೋದ್ಯೋಗಿಗಳು ಕುಡ್ಕೊಂತ "ನಾವೂ ಅವ್ರಂಗ ಕೆಲಸ ಮಾಡೋಣು" ಅಂತ ಆಣೆ ಮಾಡ್ತಾರ, ಆಫೀಸಿಗೆ ಹೋದ್ರ ಎಲ್ಲಾ ಮತ್ತ ಹಳೇದ. ಒಬ್ಬಾಂವ ತಡೀಲಾರದ ಎದ್ದು ನಿಲ್ತಾನ, ಆಮ್ಯಾಲೆ ನಿಧಾನಕ್ಕ ಕುಂದರ್ತಾನ, ಕಾಗದದ ರಾಶಿ ಹಿಂದ ಅವನ ಮಾರಿ ಮುಳುಗಿ ಹೋಗ್ತೈತಿ. ಕಾಕಾ ಅಲ್ಲಿ ಸಿನಿಮಾ ನಿಲ್ಲಿಸಾಕ ಹೇಳಿದ್ರು. "ಹಿಂಗ ಎದ್ದು ಹಿಂಗ ಕುಂತಾಂವ ನಾನೂ ಹೌದೋ ತಮ್ಮಾ" ಅಂದ್ರು. ತಬರನ ಕಥೆ ನೋಡಿದ ದಿನ ಅವ್ರು ಒಂದು ಮಾತೂ ಆಡಿರಲಿಲ್ಲ, ಹೆಂಡ್ತಿ ಕಾಲು ಕೊಳೀತೈತಿ ಅಂತ ತಬರ ಕಸಾಯಿ ಅಂಗಡಿಗೆ ಹೋಗಿ ಕಾಲು ಕಡಿದು ಕೊಡು ಅಂತ ಬೇಡ್ಕೊಳ್ಳೋ ಜಾಗಾದಾಗ ಬರೇ ಚಶ್ಮಾ ತೆಗೆದು ಒರಿಸ್ಕೊಂಡಿದ್ರು. ನನ್ನ ಅಭಿಪ್ರಾಯ ಕೇಳಿದ್ರ ತಬರನ ಕಥೆನ ಹೆಚ್ಚು. ವಾತಾನಬೆಗೆ ಕಡೀಕ ತಾನ ಮಾಡಿಸಿದ ಪಾರ್ಕಿನಾಗ ಕುಂತು ತೂಗಾಕ ಒಂದು ಜೋಕಾಲಿ ಆದ್ರೂ ಸಿಕ್ತು, ತಬರಗ ಅದೂ ಇಲ್ಲ, ಅಷ್ಟು ಕಠಿಣ ಸತ್ಯ ಹೇಳಾಕ ಭಾಳ ಧೈರ್ಯ ಬೇಕು. ವೈನಿ ಇದನ್ನ ಇನ್ನೂ ಒಪ್ಪಿಲ್ಲ.

ಎರಡ್ನೇ ಜೋಡಿ ಘಟಶ್ರಾದ್ಧ, ಫಣಿಯಮ್ಮ. ಅನಂತಮೂರ್ತಿಯವ್ರ ಕಥಿ ಮ್ಯಾಲೆ ಕಾಸರವಳ್ಳಿ 1977ರಾಗ ಮಾಡಿದ್ದು ಘಟಶ್ರಾದ್ಧ, ಅದರ ರಿಪೇರಿ ಮಾಡಿದ ಹೊಸ ಪ್ರಿಂಟ್ 2024ರಾಗ ವೆನಿಸ್ ಚಿತ್ರೋತ್ಸವದಾಗ ತೋರಿಸ್ಯಾರ, ಅಂಥಾ ಪ್ರಿಂಟ್ ನಮ್ಮ ಹುಬ್ಬಳ್ಳಿ-ಧಾರವಾಡದಾಗ ದೊಡ್ಡ ಪರದೆ ಮ್ಯಾಲೆ ನೋಡಬೇಕು ಅಂತ ನನಗ ಭಾಳ ಆಸೆ ಐತಿ. ಫಣಿಯಮ್ಮ ಎಂ.ಕೆ. ಇಂದಿರಾ ಅವ್ರ ಕಾದಂಬರಿ, ಪ್ರೇಮಾ ಕಾರಂತ ನಿರ್ದೇಶನ, ಇದನ್ನ ನೋಡಿದ ಮಂದಿ ಕಡಿಮಿ. ಘಟಶ್ರಾದ್ಧದಾಗ ವಿಧವೆ ಯಮುನಾನ್ನ ನಾವು ನೋಡೂದು ನಾಣಿ ಅನ್ನೋ ಸಣ್ಣ ಹುಡುಗನ ಕಣ್ಣಿನಿಂದ. ಅವಗ ಪೂರ್ತಿ ತಿಳಿಯಂಗಿಲ್ಲ, ಆದ್ರ ಅಕಿ ಕೈ ಬಿಡಬಾರ್ದು ಅಂತಷ್ಟ ಗೊತ್ತೈತಿ. ಫಣಿಯಮ್ಮದಾಗ ಹಂಗಲ್ಲ, ಬಾಲವಿಧವೆ ತಾನ ಎಲ್ಲಾ ನೋಡ್ಕೊಂತ ಮುದುಕಿ ಆಗ್ತಾಳ, ಕಡೀಕ ತಲಿ ಬೋಳಿಸ್ಕೊಳ್ಳಾಕ ಒಲ್ಲೆ ಅನ್ನೋ ಹರೇದ ಹುಡುಗಿ ಪರ ನಿಲ್ತಾಳ. ಯಾವ್ದು ಮದ್ಲ ನೋಡಬೇಕು ಅಂದ್ರ ಘಟಶ್ರಾದ್ಧ ಮದ್ಲ. ಅದರ ನೋವು ಮನಸಿನಾಗ ಇದ್ದಾಗ ಫಣಿಯಮ್ಮನ ಆ ಒಂದು ಮಾತಿನ ತೂಕ ಗೊತ್ತಾಗ್ತೈತಿ. ಆ ರಾತ್ರಿ ಅವ್ವ ತನ್ನ ಸೋದರತ್ತಿ ಒಬ್ಬಾಕಿ ಬಗ್ಗೆ ಮಾತಾಡಿದ್ಲು, ಅಷ್ಟು ದಿನ ನಮ್ಮನಿಯಾಗ ಯಾರೂ ಆ ಹೆಸರು ತಗದಿರಲಿಲ್ಲ.

ನಾಗಮಂಡಲ, ಸಂತ ಶಿಶುನಾಳ ಶರೀಫ ಎರಡೂ ನಾಗಾಭರಣ ಅವ್ರವ, ಎರಡಕ್ಕೂ ಸಿ. ಅಶ್ವತ್ಥ್ ಸಂಗೀತ, ಇವು ಹಾಕಿದ ದಿನ ಮಾತಿಗಿಂತ ಹಾಡ ಹೆಚ್ಚು. ಶಿಶುನಾಳ ಹಾವೇರಿ ಜಿಲ್ಲಾದಾಗ, ನಮಗ ಇಲ್ಲೇ ಬಾಜೂಕ, ಮನಿಮಂದಿ ಎಲ್ಲಾ ಹೋಗಿ ಗದ್ದುಗಿಗೆ ಕೈಮುಗಿದು ಬಂದವ್ರು. ಅಷ್ಟು ಹತ್ರದ್ದು ಇದ್ದಾಗ ಸಿನಿಮಾ ಹೆಂಗೈತಿ ಅಂತ ಅಳೆಯಾಕ ಬರಂಗಿಲ್ಲ, ನಾನೂ ಅಳೆಯಾಕ ಹೋಗಲಿಲ್ಲ. ಅಪರಿಚಿತ ಬ್ಯಾರೆ ದಾರಿದು, ಕಾಶಿನಾಥ್ 1978ರಾಗ ಮಾಡಿದ ಸಸ್ಪೆನ್ಸ್, ಅದರಾಗ ನಮ್ಮ ಧಾರವಾಡದ ಸುರೇಶ ಹೆಬ್ಳೀಕರ್ ಅದಾರ. ಕಥಿ ಹೇಳಂಗಿಲ್ಲ, ರಾತ್ರಿ ನೋಡ್ರಿ.

ಮುಂದಿನ ವಾರಕ್ಕ ಗಿರೀಶ ಕಾರ್ನಾಡರ ಕಾಡು ಮತ್ತ ಸತ್ಯಜಿತ್ ರೇ ಅವ್ರ ಬಂಗಾಳಿ ಸಿನಿಮಾ ಪಥೇರ್ ಪಾಂಚಾಲಿ ಇಟ್ಟೀನಿ, ಎರಡರಾಗೂ ಊರು ಕಾಣೂದು ಒಬ್ಬ ಹುಡುಗನ ಕಣ್ಣಿಗೆ. ಆಮ್ಯಾಲೆ ಸಂಗೀತಗಾರನ ಕಥಿ ಹಂಸಗೀತೆ. ಅದಕ್ಕ ಜೋಡಿ ಸಂಗೀತದ ಹುಚ್ಚಿನ ಜಮೀನ್ದಾರನ ಮ್ಯಾಲೆ ರೇ ಅವ್ರ ಮಾಡಿದ ಜಲಸಾಘರ್ ಆಗಲಿ ಅಂತ ನಾನು, ಬ್ಯಾಡ, ಕನ್ನಡದ್ದ ಇರಲಿ ಅಂತ ಕಾಕಾ. ನಿಮಗ ಯಾವ್ದಾದ್ರೂ ಹೊಳೆದ್ರ ಹೇಳ್ರಿ, ಯಾಕ ಅನ್ನೋದನ್ನೂ ಹೇಳ್ರಿ.