ಜಾಲತಾಣದ ವೇಗ ಮತ್ತು ಗೂಗಲ್ ಸ್ಥಾನ: ಎಲ್ಲಿಂದ ಸರಿಪಡಿಸಬೇಕು?

ಮುಂಬೈ ಕಡೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರು ನಡೆಸುವ ಕೇಟರಿಂಗ್ ವ್ಯವಹಾರಗಳ ಜಾಲತಾಣಗಳಲ್ಲಿ ಹಲವು ನೋಡಲು ಚೆಂದವಾಗಿದ್ದರೂ, ಲೋಕಲ್ ರೈಲಿನಲ್ಲಿ ನಿಂತು ಮೊಬೈಲ್‌ನಲ್ಲಿ ತೆರೆಯುವವರ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಗೂಗಲ್ 2010ರಲ್ಲೇ ಪುಟದ ವೇಗವನ್ನು ಶ್ರೇಯಾಂಕದ ಅಂಶಗಳಲ್ಲಿ ಸೇರಿಸಿತು. 2018ರ ಜುಲೈಯಿಂದ ಮೊಬೈಲ್ ಹುಡುಕಾಟಕ್ಕೂ ಅದನ್ನು ಅನ್ವಯಿಸಿತು. ಹಾಗೆಂದು ವೇಗವೇ ಸರ್ವಸ್ವವಲ್ಲ. ಹುಡುಕಿದವರಿಗೆ ಬೇಕಾದ ಮಾಹಿತಿಯಿರುವ ಪುಟ ತುಸು ನಿಧಾನವಾಗಿದ್ದರೂ ಮೇಲೆ ಬರಬಹುದು. ಮಾಹಿತಿ ಸರಿಸಮನಾಗಿರುವಲ್ಲಿ ಮಾತ್ರ ವೇಗ ತಕ್ಕಡಿಯನ್ನು ವಾಲಿಸುತ್ತದೆ.

ಮೊದಲು ಪುಟದ ವೇಗ ಅಳೆಯುವ ಗೂಗಲ್‌ನ ಉಚಿತ ಸಾಧನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ತಾಣದ ವಿಳಾಸ ಕೊಟ್ಟು, ಮೊಬೈಲ್ ವಿಭಾಗವನ್ನು ನೋಡಬೇಕು. ಅಲ್ಲಿ ಕಾಣುವ ನೂರರ ಅಂಕದ ಬೆನ್ನು ಹತ್ತುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ನಿಜವಾದ ಬಳಕೆದಾರರ ಮಾಹಿತಿ ಲಭ್ಯವಿದ್ದರೆ ಅದನ್ನೇ ನೆಚ್ಚಿಕೊಳ್ಳಬೇಕು: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ ಗುಂಡಿಗೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ತೆರೆಯುವಾಗ ಪುಟದ ಭಾಗಗಳು ಜಿಗಿದಾಡುವುದರ ಅಳತೆ (ಸಿಎಲ್ಎಸ್) 0.1 ಮೀರಬಾರದು. 100 ಭೇಟಿಗಳಲ್ಲಿ 75 ಆದರೂ ಈ ಮಿತಿಯೊಳಗಿರಬೇಕು.

ಹೆಚ್ಚಿನ ಕಡೆ ಮೊದಲ ಅಪರಾಧಿ ಮುಖಪುಟದ ಫೋಟೊ. ಬಾಳೆಲೆ ಊಟದ ಚಿತ್ರವನ್ನು ಫೋನಿನಿಂದ ತೆಗೆದು ಹಾಗೆಯೇ ಏರಿಸಿದರೆ ಅದು ಹಲವು ಎಂಬಿ ತೂಗುತ್ತದೆ. ಪರದೆಗೆ ಬೇಕಾದಷ್ಟೇ ಅಗಲಕ್ಕೆ ಕುಗ್ಗಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿದರೆ, ಗುಣಮಟ್ಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲದೆ ಅದನ್ನು ಕೆಲವು ನೂರು ಕೆಬಿಗೆ, ಎಷ್ಟೋ ವೇಳೆ ಅದಕ್ಕಿಂತಲೂ ಕೆಳಕ್ಕೆ ಇಳಿಸಬಹುದು. ಕೋಡ್‌ನಲ್ಲಿ ಚಿತ್ರದ ಉದ್ದಗಲ ನಮೂದಿಸಿದರೆ, ಓದುತ್ತಿರುವಾಗಲೇ ಸಾಲುಗಳು ಕೆಳಗೆ ಜಾರುವುದಿಲ್ಲ. ಓದುಗರು ಹತ್ತಿರ ಬಂದಾಗಷ್ಟೇ ಚಿತ್ರವನ್ನು ತರಿಸುವ ಲೇಜಿ ಲೋಡಿಂಗ್ ಸೌಲಭ್ಯವನ್ನು ಕೆಳಗಿನ ಚಿತ್ರಗಳಿಗೆ ಮಾತ್ರ ಕೊಡಬೇಕು. ಮೇಲಿನ ದೊಡ್ಡ ಚಿತ್ರಕ್ಕೂ ಕೊಟ್ಟರೆ ಅದು ಇನ್ನಷ್ಟು ತಡವಾಗುತ್ತದೆ.

ಕನ್ನಡ ತಾಣಗಳಿಗೆ ಫಾಂಟ್‌ನ ಹೊರೆಯೂ ಇದೆ. ಒತ್ತಕ್ಷರ, ಗುಣಿತಾಕ್ಷರಗಳ ರೂಪಗಳೆಲ್ಲ ಸೇರಿ ಕಡತ ದೊಡ್ಡದಾಗುವುದರಿಂದ, ಅಕ್ಷರದ ಒಂದೆರಡು ದಪ್ಪಗಳನ್ನಷ್ಟೇ (ಸಾಧಾರಣ, ಬೋಲ್ಡ್) ವಾಫ್2 (WOFF2) ಎಂಬ ಕುಗ್ಗಿಸಿದ ಫಾಂಟ್ ರೂಪದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಳಕೆಯಲ್ಲಿಲ್ಲದ ಪ್ಲಗಿನ್ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶ), ತಾನಾಗಿ ಓಡುವ ಚಿತ್ರಗಳ ಸ್ಲೈಡರ್‌ಗಳನ್ನು ತೆಗೆದು, ಸಿದ್ಧಪಡಿಸಿದ ಪುಟವನ್ನು ಉಳಿಸಿಟ್ಟು ಮತ್ತೆ ಬಳಸುವ ಕ್ಯಾಶಿಂಗ್ ಚಾಲೂ ಮಾಡಬೇಕು. ಗಿರಾಕಿಗಳೆಲ್ಲ ಮುಂಬೈಯವರೇ ಆಗಿರುವಾಗ ತಾಣವನ್ನು ಇಟ್ಟಿರುವ ಸರ್ವರ್ ಅಮೆರಿಕದಲ್ಲಿರಬೇಕಾದ ಅಗತ್ಯವಿಲ್ಲ. ಮುಂಬೈಯಲ್ಲೇ ಸರ್ವರ್ ಕೊಡುವ ಹೋಸ್ಟಿಂಗ್ ಸಿಗುತ್ತದೆ.

ಇಷ್ಟಾದ ಮೇಲೆ ಮರುದಿನವೇ ಸ್ಥಾನ ಏರಿತೇ ಎಂದು ನೋಡುವುದರಲ್ಲಿ ಅರ್ಥವಿಲ್ಲ. ಬಳಕೆದಾರರ ಅಂಕಿಅಂಶಗಳು ಹಿಂದಿನ 28 ದಿನಗಳವಾದ್ದರಿಂದ, ತಿಂಗಳ ನಂತರ ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮೇಲಿನ ಮೂರು ಅಳತೆಗಳ ವರದಿಯಾದ ಕೋರ್ ವೆಬ್ ವೈಟಲ್ಸ್ ಅನ್ನು ತೆರೆದು, ಇನ್ನೂ ಕೆಂಪಿನಲ್ಲಿರುವ ಪುಟಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು.