ಪಿಟೀಲಿನ ಹಳೆಯ ಮಟ್ಟು: ಅದರ ಮೂಲ ಪತ್ತೆ ಮಾಡುವುದು ಹೇಗೆ?

ಇಂಗ್ಲೆಂಡಿನ ‘ಕಂಟ್ರಿ ಡಾನ್ಸ್’ ಕುಣಿತಕ್ಕೆ ನುಡಿಸುವ ಪಿಟೀಲು ಮಟ್ಟುಗಳ ಹುಟ್ಟು ಹುಡುಕಹೊರಟವರು ಹೆಚ್ಚಾಗಿ ಮುಗ್ಗರಿಸುವುದು ಹೆಸರಿನಲ್ಲಿ. ಹೆಸರು ಹಿಡಿದು ಹೊರಡಬೇಡಿ, ಸ್ವರ ಹಿಡಿದು ಹೊರಡಿ. ಪ್ರಸಿದ್ಧವಾದ ‘ಸ್ಪೀಡ್ ದ ಪ್ಲೌ’ ಮಟ್ಟನ್ನೇ ಇಟ್ಟುಕೊಂಡು ಕ್ರಮ ನೋಡೋಣ.

ಮೊದಲು ಮಟ್ಟನ್ನು ಕೇಳಿ ಬರೆದುಕೊಳ್ಳಿ. ಎರಡು ಭಾಗ, ಒಂದೊಂದರಲ್ಲೂ ಎಂಟು ಬಾರ್ (ತಾಳದ ಒಂದು ಆವರ್ತದಂಥ ಅಳತೆ), ಅಷ್ಟೇ.

ಕಷ್ಟದ ಕೆಲಸ ಇನ್ನು ಶುರು. ಈ ಮಟ್ಟನ್ನು ಇಂಗ್ಲಿಷ್ ವಾದಕರು ಸಾಮಾನ್ಯವಾಗಿ ಜಿ ಸ್ವರ ಆಧಾರವಾದ ಜಿ ಮೇಜರ್‌ನಲ್ಲಿ, ಐರಿಷ್ ವಾದಕರು ಎ ಸ್ವರ ಆಧಾರವಾದ ಎ ಮೇಜರ್‌ನಲ್ಲಿ ನುಡಿಸುತ್ತಾರೆ. ಪಾಶ್ಚಾತ್ಯ ಸ್ವರಾಕ್ಷರಗಳನ್ನೇ ಹೋಲಿಸುತ್ತ ಕೂತರೆ ಎರಡೂ ಬೇರೆ ಮಟ್ಟುಗಳಂತೆ ಕಾಣುತ್ತವೆ. ಆಧಾರಸ್ವರವನ್ನು ಷಡ್ಜವಾಗಿಟ್ಟು ನಮ್ಮ ಸ್ವರಗಳಲ್ಲಿ ಬರೆದರೆ ಈ ತೊಡಕಿಲ್ಲ: ‘ಸರಿಗಮ ಪದಪಗ | ಪದಪಗ ಪದಪಗ’. ಸ್ವರಸ್ಥಾನಗಳು ಶಂಕರಾಭರಣದವು. ಈಗ ಒತ್ತು ಬೀಳುವ ಸ್ವರಗಳನ್ನು ಮಾತ್ರ ಉಳಿಸಿ. ಮೊದಲ ನಾಲ್ಕು ಬಾರ್‌ಗಳಲ್ಲಿ ಉಳಿಯುವುದು ‘ಸ ಪ | ಪ ಪ | ಮ ಗ | ರಿ ರಿ’. ಹಳೆಯ ಪುಸ್ತಕಗಳ ಮಟ್ಟುಗಳೊಡನೆ ಹೋಲಿಸಬೇಕಾದದ್ದು ಈ ಅಸ್ಥಿಪಂಜರವನ್ನು. ನಡುವಿನ ಸ್ವರಗಳನ್ನು ಪ್ರತಿ ವಾದಕನೂ ತನ್ನ ಕಮಾನಿನ ಅನುಕೂಲಕ್ಕೆ ತಿದ್ದಿಕೊಳ್ಳುತ್ತಾನೆ. ಒತ್ತಿನ ಸ್ವರ ಅಷ್ಟು ಸುಲಭವಾಗಿ ಕದಲುವುದಿಲ್ಲ, ಕುಣಿಯುವವರ ಹೆಜ್ಜೆ ಬೀಳುವುದು ಅದರ ಮೇಲೆಯೇ.

ಮೊದಲೆರಡು ಬಾರ್ ಹೊಂದಿತೆಂದು ಹುಡುಕಾಟ ನಿಲ್ಲಿಸಬೇಡಿ, ಹೀಗೆ ಸ್ವರದ ಮೇಲೆ ಸ್ವರ ಏರುತ್ತ ಶುರುವಾಗುವ ಮಟ್ಟುಗಳು ಬೇಕಾದಷ್ಟಿವೆ. ನಾಲ್ಕು ಬಾರ್‌ಗಳಾದರೂ ಕೂಡಬೇಕು, ಭಾಗದ ಕೊನೆಯ ನಿಲುಗಡೆಯೂ ಕೂಡಬೇಕು. ಎರಡು ಭಾಗಗಳನ್ನು ಬೇರೆಬೇರೆಯಾಗಿಯೇ ಹೋಲಿಸಿ, ಒಂದು ಮಟ್ಟಿನ ಉತ್ತರಾರ್ಧ ಇನ್ನೊಂದು ಮಟ್ಟಿಗೆ ಹೋಗಿ ಸೇರಿಕೊಂಡಿರುವುದುಂಟು.

ಫೋನಿನಲ್ಲಿ ಹಾಡು ಗುರುತಿಸುವ ಆ್ಯಪ್‌ಗಳನ್ನು ನಂಬಬೇಡಿ. ಅವು ಹೆಚ್ಚಾಗಿ ಗುರುತಿಸುವುದು ಒಂದು ಧ್ವನಿಮುದ್ರಣವನ್ನು, ಮಟ್ಟನ್ನಲ್ಲ. ಎಲ್ಲಿಂದ ತೆಗೆದುಕೊಂಡದ್ದೆಂದು ತಿಳಿಸದೆ ಎಲ್ಲದಕ್ಕೂ ‘ಸಾಂಪ್ರದಾಯಿಕ’ ಎಂದು ಅಚ್ಚು ಹಾಕಿದ ಸಂಗ್ರಹಗಳಿಗೆ ದುಡ್ಡು ಸುರಿಯಲೂ ಬೇಡಿ.

ಹುಡುಕುವ ಜಾಗಗಳು: ಜಾನ್ ಪ್ಲೇಫರ್ಡ್ 1651ರಲ್ಲಿ ಶುರು ಮಾಡಿದ, ಸುಮಾರು 1728ರವರೆಗೆ 18 ಆವೃತ್ತಿ ಕಂಡ ಕುಣಿತ-ಮಟ್ಟುಗಳ ಪುಸ್ತಕ ‘ದ ಡಾನ್ಸಿಂಗ್ ಮಾಸ್ಟರ್’, 18ನೇ ಶತಮಾನದಲ್ಲಿ ವರ್ಷಕ್ಕೊಂದರಂತೆ ಬರುತ್ತಿದ್ದ ಇಪ್ಪತ್ನಾಲ್ಕು ಕುಣಿತಗಳ ಕಿರುಪುಸ್ತಕಗಳು, ಹಳ್ಳಿಯ ಪಿಟೀಲುಗಾರರ ಕೈಬರಹದ ಪುಸ್ತಕಗಳು. ಕವಿ ಜಾನ್ ಕ್ಲೇರ್ ಬರೆದಿಟ್ಟುಕೊಂಡ ಮಟ್ಟುಗಳೂ ಉಳಿದಿವೆ. ಲಂಡನ್ನಿನ ಜನಪದ ಹಾಡು-ಕುಣಿತಗಳ ಕೇಂದ್ರವಾದ ಸೆಸಿಲ್ ಶಾರ್ಪ್ ಹೌಸ್‌ನಲ್ಲಿರುವ ಗ್ರಂಥಾಲಯದ ಆನ್‌ಲೈನ್ ಸೂಚಿಯಿಂದ ಆರಂಭಿಸುವುದು ಒಳ್ಳೆಯದು.

ಇಸವಿಯ ವಿಷಯದಲ್ಲಿ ಎಚ್ಚರ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷದ ಲೆಕ್ಕ ಮಾರ್ಚ್ 25ಕ್ಕೆ. ‘ಫೆಬ್ರವರಿ 1700’ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1701 ಆಗಿರಬಹುದು. ಅಚ್ಚಾದ ವರ್ಷವನ್ನು ಹುಟ್ಟಿದ ವರ್ಷವೆನ್ನುವುದು ಇನ್ನೂ ದೊಡ್ಡ ತಪ್ಪು. ‘ಗ್ರೀನ್‌ಸ್ಲೀವ್ಸ್’ ಹಾಡು ಲಂಡನ್ನಿನಲ್ಲಿ ನೋಂದಣಿಯಾದದ್ದು 1580ರಲ್ಲಿ, ಡಾನ್ಸಿಂಗ್ ಮಾಸ್ಟರ್‌ಗೆ ಅದರ ಮಟ್ಟು ಬಂದದ್ದು 1686ರಲ್ಲಿ.

ಇಷ್ಟಾದ ಮೇಲೆ ಹೆಸರಿಗೆ ಬನ್ನಿ. ‘ಗಾಡ್ ಸ್ಪೀಡ್ ದ ಪ್ಲೌ’, ಅಂದರೆ ‘ದೇವರು ನೇಗಿಲಿಗೆ ಒಳಿತು ಮಾಡಲಿ’ ಎಂಬ ಹರಕೆಯ ಮಾತು ಅಲ್ಲಿ ಶತಮಾನಗಳಷ್ಟು ಹಳೆಯದು. ಅದನ್ನು ಕಂಡು ‘ಸ್ಪೀಡ್ ದ ಪ್ಲೌ’ ಕೂಡ ಮಧ್ಯಯುಗದ ರೈತರ ಮಟ್ಟೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಇದು 1799ರಲ್ಲಿ ‘ದ ನೇವಲ್ ಪಿಲ್ಲರ್’ ಎಂಬ ಹೆಸರಿನಲ್ಲಿ ಐರಿಷ್ ಪಿಟೀಲು ವಾದಕ ಜಾನ್ ಮೂರ್‌ಹೆಡ್ ಕಟ್ಟಿದ ಮಟ್ಟು. 1800ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಥಾಮಸ್ ಮಾರ್ಟನ್‌ನ ‘ಸ್ಪೀಡ್ ದ ಪ್ಲೌ’ ನಾಟಕದಲ್ಲಿ ಬಳಕೆಯಾಗಿ ಈಗಿನ ಹೆಸರು ಪಡೆಯಿತು. ‘ಹೋಲ್ ಇನ್ ದ ವಾಲ್’ ಕೂಡ ಹೀಗೆಯೇ: 1695ರ ‘ಅಬ್ದೆಲಾಜರ್’ ನಾಟಕಕ್ಕೆ ಹೆನ್ರಿ ಪರ್ಸೆಲ್ ರಚಿಸಿದ, ಕುಣಿತದ ಒಂದು ಬಗೆಯ ಮಟ್ಟಾದ ಹಾರ್ನ್‌ಪೈಪ್ ಅದು. ಆದ್ದರಿಂದ ಮಟ್ಟು ಮೊದಲು ಕಾಣಿಸಿಕೊಂಡ ದಶಕದ ಲಂಡನ್ ರಂಗಸಂಗೀತವನ್ನು ತಪ್ಪದೆ ನೋಡಿ. ಅಲ್ಲೂ ರಚನಕಾರ ಸಿಗದಿದ್ದರೆ ‘ಮೊದಲು ಅಚ್ಚಾದದ್ದು ಇಂಥ ಪುಸ್ತಕದಲ್ಲಿ, ಇಂಥ ವರ್ಷ’ ಎಂದಷ್ಟೇ ಬರೆಯಿರಿ.