ಕಪ್ಪು ಅಂಚಿನ ಕಾಗದಗಳ ನಡುವೆ

ಇಂಗ್ಲೆಂಡಿಗೆ ಬಂದು ಮೂರು ವರ್ಷವಾದ ಮೇಲೆ, ಇಲ್ಲಿನ ಒಂದು ದಾಖಲೆ ಭಂಡಾರದಲ್ಲಿ ಹಳೆಯ ಪತ್ರಗಳನ್ನು ಓದಿ ಬೆರಳಚ್ಚು ಮಾಡುವ ಸ್ವಯಂಸೇವೆಗೆ ಸೇರಿಕೊಂಡೆ. ನನ್ನ ಪಾಲಿಗೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಒಂದು ಕುಟುಂಬದ ಪತ್ರಗಳ ಕಟ್ಟು. ಬಹುಪಾಲು ಸಾವಿನ ಸುದ್ದಿ, ಸಾಂತ್ವನ. ನಮ್ಮೂರಿನಲ್ಲಿ ಸಾವಿನ ಸುದ್ದಿಯ ಕಾರ್ಡನ್ನು ಓದಿದೊಡನೆ ಹರಿದುಹಾಕುತ್ತಿದ್ದರು. ಈ ಮನೆಯವರು ಅದನ್ನೇ ರಿಬ್ಬನ್ ಕಟ್ಟಿ ಜೋಪಾನ ಮಾಡಿದ್ದರು. ಮೊದಲ ದಿನ ಕಟ್ಟು ಬಿಚ್ಚಲು ನನ್ನ ಕೈ ಹಿಂಜರಿಯಿತು.

ಕಾಗದದ ಸುತ್ತ ಕಪ್ಪು ಅಂಚು, ಲಕೋಟೆಗೂ ಅದೇ, ಅರಗಿನ ಮುದ್ರೆಯೂ ಕಪ್ಪು. ಪತ್ರ ಇನ್ನೂ ಅಂಚೆಯವನ ಕೈಯಲ್ಲಿರುವಾಗಲೇ ಮನೆಯವರು ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು. ನಂಟು ಹತ್ತಿರದ್ದಾದಷ್ಟೂ ಅಂಚು ಅಗಲ. ಕಾಲ ಕಳೆದಂತೆ ಅದು ಕಿರಿದಾಗುತ್ತದೆ. ಲಗ್ನಪತ್ರಿಕೆಯ ಮೂಲೆಯ ಅರಿಶಿನ ಕುಂಕುಮ ನೋಡಿ ಬೆಳೆದ ನನಗೆ ಈ ಸಂಕೇತ ಬೇಗ ರೂಢಿಯಾಯಿತು.

ಓದುವುದು ಮಾತ್ರ ಸುಲಭವಿರಲಿಲ್ಲ. 1840ರಲ್ಲಿ ಪೆನ್ನಿ ಅಂಚೆ ಬರುವ ಮುನ್ನ ಹಾಳೆ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಹಾಗಾಗಿ ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅಂಚೆ ಅಗ್ಗವಾದ ಮೇಲೂ ಎಷ್ಟೋ ಜನ ಆ ಅಭ್ಯಾಸ ಬಿಡಲಿಲ್ಲ. ನಾನು ಪುಟದ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಪರದೆಗೆ ರಟ್ಟಿನ ಪಟ್ಟಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದೆ. ಕಣ್ಣು ಒಂದು ದಿಕ್ಕಿಗೆ ಒಗ್ಗಿದರೆ ಅಡ್ಡ ಸಾಲುಗಳು ತಾವಾಗಿ ಹಿಂದೆ ಸರಿಯುತ್ತವೆ. ತಾರೀಕಿನ ಮುಂದೆ ‘ಅಲ್ಟ್’ ಎಂದಿದ್ದರೆ ಕಳೆದ ತಿಂಗಳು, ‘ಇನ್‌ಸ್ಟ್’ ಎಂದಿದ್ದರೆ ಇದೇ ತಿಂಗಳು. ಇದು ಗೊತ್ತಿಲ್ಲದೆ ಒಬ್ಬರ ಸಾವನ್ನು ಒಂದು ತಿಂಗಳು ತಡವಾಗಿ ದಾಖಲಿಸಿದ್ದೆ. ತಿದ್ದುವವರೆಗೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಂಟಿನ ಹೆಸರುಗಳು. ಈ ಪತ್ರಗಳ ‘ಸಿಸ್ಟರ್’ ಅಕ್ಕನೋ ತಂಗಿಯೋ ಆಗಿರಬಹುದು, ಅತ್ತಿಗೆ, ನಾದಿನಿ, ಓರಗಿತ್ತಿಯೂ ಆಗಿರಬಹುದು. ‘ಸನ್-ಇನ್-ಲಾ’ ಎಂದರೆ ಅಳಿಯನೆಂದುಕೊಂಡಿದ್ದೆ. ಆ ಕಾಲದಲ್ಲಿ ಮಲಮಗನನ್ನೂ ಹಾಗೆಯೇ ಕರೆಯುತ್ತಿದ್ದರು. 1851ರಿಂದ ಇಲ್ಲಿನ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕೆಂದು ಬರೆದಿದ್ದಾರೆ. ಅದನ್ನೂ ಮದುವೆಯ ದಾಖಲೆಗಳನ್ನೂ ಪಕ್ಕದಲ್ಲಿಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ಕನ್ನಡದ ನಂಟಿನ ಹೆಸರುಗಳಲ್ಲೇ ವಂಶವೃಕ್ಷ ಬರೆದೆ. ಇಂಗ್ಲಿಷಿನಲ್ಲಿ ಕಲಸಿಹೋಗಿದ್ದವರೆಲ್ಲ ಕನ್ನಡದಲ್ಲಿ ತಂತಮ್ಮ ಜಾಗದಲ್ಲಿ ಕುಳಿತರು.

ಆದರೂ ದೊಡ್ಡದೊಂದು ತಪ್ಪು ಮಾಡಿದೆ. ಗಂಡನನ್ನು ಕಳೆದುಕೊಂಡ ಅತ್ತಿಗೆಗೆ ನಾದಿನಿ ಬರೆದ ಪತ್ರವದು. ಮೊದಲ ಎರಡು ಪುಟ ಅಣ್ಣನ ಕೊನೆಯ ಗಳಿಗೆಗಳ ವಿಚಾರಣೆ, ದೇವರ ಚಿತ್ತದ ಮಾತು. ಮೂರನೆಯ ಪುಟದಲ್ಲಿ ಸೇಬಿನ ಫಸಲು, ಅಡುಗೆಮನೆಯ ಹೊಗೆಕೊಳವೆಯ ದುರಸ್ತಿ. ಸಾವಿನ ಪತ್ರದಲ್ಲಿ ಇದೆಲ್ಲ ಏಕೆ ಎನ್ನಿಸಿ, ‘ಇತರ ಮನೆಸುದ್ದಿ’ ಎಂದು ಕಂಸದಲ್ಲಿ ಸೂಚಿಸಿ ಬಿಟ್ಟುಬಿಟ್ಟೆ.

ಮುಂದಿನ ವಾರ ಕೈಗೆ ಬಂದದ್ದು ವಿಧವೆಯ ಉತ್ತರ. ಅಂಚು ಬೆರಳಗಲ. ಮಸಿ ಎರಡು ಕಡೆ ಹರಡಿದೆ. ಸಾಂತ್ವನಕ್ಕೆ ಒಂದೇ ಸಾಲಿನಲ್ಲಿ ವಂದನೆ ಹೇಳಿ, ಎರಡನೆಯದೂ ಬಂದಿತೇ ಎಂದು ಕೇಳಿದ್ದಾಳೆ. ಏನದು ಎರಡನೆಯದು? ನಾನು ಬಿಟ್ಟ ಪುಟಕ್ಕೆ ಹಿಂದಿರುಗಿದೆ. ತೀರಾ ಕೆಳಗೆ, ಅಡ್ಡ ಸಾಲಿನಲ್ಲಿ ಇತ್ತು: ತಂಗಿಯ ಮಗುವಿಗೆ ಮೊದಲ ಹಲ್ಲು ಹುಟ್ಟಿದೆ.

ಸಾವಿನ ಮನೆಗೆ ಹೋಗುವುದನ್ನು ನಾವು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತೇವೆ. ಅಜ್ಜಿ ತೀರಿಕೊಂಡಾಗ ಬಂದ ಹೆಂಗಸರು ಅತ್ತು ಮುಗಿಸಿ, ಮಳೆ, ಹಸುವಿನ ಕರು, ಮಗಳ ಬಾಣಂತನ ಎಂದು ಮಾತು ತೆಗೆದಾಗಲೇ ಅಮ್ಮ ಎರಡು ತುತ್ತು ಊಟ ಮಾಡಿದ್ದರು. ಅದನ್ನು ಕಣ್ಣಾರೆ ಕಂಡಿದ್ದ ನಾನೇ ಆ ಪುಟವನ್ನು ಬಿಟ್ಟಿದ್ದೆ.

ಆಮೇಲೆ ಆ ಕಾಲದ ಬೇರೆಯವರ ಪತ್ರಗಳನ್ನೂ ಹಾಗೆಯೇ ಓದತೊಡಗಿದೆ. ಚಾರ್ಲ್ಸ್ ಡಾರ್ವಿನ್ನರ ಹತ್ತು ವರ್ಷದ ಮಗಳು ಆನಿ 1851ರ ಏಪ್ರಿಲ್ 23ರಂದು ಮಾಲ್ವರ್ನ್‌ನಲ್ಲಿ ತೀರಿಕೊಂಡಳು. ತುಂಬು ಬಸುರಿಯಾಗಿದ್ದ ತಾಯಿ ಎಮ್ಮಾ ದೂರದ ಕೆಂಟ್‌ನ ಮನೆಯಲ್ಲಿದ್ದರು. ಮಗಳ ಸ್ಥಿತಿ ಅವರಿಗೆ ತಿಳಿಯುತ್ತಿದ್ದದ್ದು ಗಂಡನ ಪತ್ರಗಳಿಂದ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ, ಮೇ 13ರಂದು ಅದೇ ಮನೆಯಲ್ಲಿ ಹೊರೇಸ್ ಹುಟ್ಟಿದ. ಅಂಥ ಮನೆಯ ಪತ್ರಗಳಲ್ಲಿ ಸೂತಕದ ಸುದ್ದಿ ಯಾವುದು, ಹೆರಿಗೆಯ ಸುದ್ದಿ ಯಾವುದು ಎಂದು ಕತ್ತರಿಸಲು ಹೇಗೆ ಸಾಧ್ಯ?

ಕಟ್ಟನ್ನು ಮೊದಲಿನಿಂದ ಮತ್ತೆ ಬೆರಳಚ್ಚು ಮಾಡಿದೆ. ಕಂಸಗಳನ್ನೆಲ್ಲ ತೆಗೆದು, ಸೇಬು, ಹೊಗೆಕೊಳವೆ, ಹಲ್ಲು ಎಲ್ಲವನ್ನೂ ಅವರವರು ಬರೆದ ಜಾಗದಲ್ಲೇ ಇಟ್ಟೆ. ನಾಲ್ಕು ತಿಂಗಳು ಹಿಡಿಯಿತು. ಎರಡು ವರ್ಷದ ನಂತರದ ಪತ್ರದಲ್ಲಿ ವಿಧವೆಯ ಅಂಚು ದಾರದಷ್ಟು ತೆಳುವಾಗಿದೆ. ಆ ಮಗು ಮೆಟ್ಟಿಲಿನಿಂದ ಬಿದ್ದು ಹಲ್ಲು ಮುರಿದುಕೊಂಡಿತಂತೆ. ಮುರಿದದ್ದು ಆ ಮೊದಲನೆಯದೇ ಎಂದು ಆಕೆ ಕೇಳಿದ್ದಾಳೆ.